ಐರಿಸ್ ಹೂವೂ ಶಿವಮೊಗ್ಗೆಯ ಚಿತ್ರಕಾರನೂ

ಐರಿಸ್ ಎಂಬ ಹೂವಿಗೆ ಕನ್ನಡದ ಮನೆಮಾತಿನಲ್ಲಿ ಹೆಸರಿಲ್ಲ. ಇಲ್ಲದಿರುವುದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಕಡೂರಿನ ಕೆರೆಯಂಗಳಗಳಲ್ಲಾಗಲಿ, ಅಜ್ಜಂಪುರದ ಅಮೃತಮಹಲ್ ಕಾವಲುಗಳ ಹುಲ್ಲಿನ ನಡುವೆಯಾಗಲಿ, ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೆ ಏರುವ ದಾರಿಯ ಕಾಡುಗಳಲ್ಲಾಗಲಿ ಅದು ತಾನಾಗಿ ಹುಟ್ಟುವ ಗಿಡವಲ್ಲ. ಆದರೂ ಆ ಹೂವಿನ ಬಳಗವು ಈ ಸೀಮೆಯ ಮನೆಗಳಿಗೆ ಪೂರ್ತಿ ಅಪರಿಚಿತವೆಂದು ಹೇಳುವಂತಿಲ್ಲ. ಹಬ್ಬದ ದಿನ ಬಿಸಿಹಾಲಿನಲ್ಲಿ ನೆನೆಯಿಟ್ಟು ಪಾಯಸಕ್ಕೆ ಬೆರೆಸುವ ಕೇಸರಿಯು ಐರಿಸ್ ವಂಶಕ್ಕೇ ಸೇರಿದ ಸಸ್ಯ. ಆ ಕೆಂಪು ಎಳೆಗಳು ಹೂವಿನ ಶಲಾಕಾಗ್ರಗಳು, ಒಂದು ಹೂವಿಗೆ ಮೂರೇ ಮೂರು. ಒಂದು ಗ್ರಾಂ ಕೇಸರಿಗೆ ಸುಮಾರು ೧೫೦ ಹೂಗಳು ಬೇಕಾಗುವುವು. ಇನ್ನು ಕೂಸಿಗೆ ಕಲ್ಲಿನ ಮೇಲೆ ತೇಯ್ದು ನೆಕ್ಕಿಸುವ ಬಜೆ. ಅದು ಬೇರೆ ವಂಶದ ಗಿಡವಾದರೂ ಅದರ ಕತ್ತಿಯಂತಹ ಎಲೆಗೂ ಐರಿಸ್ಸಿನ ಎಲೆಗೂ ಇರುವ ಹೋಲಿಕೆ ಎಷ್ಟೆಂದರೆ, ಯೂರೋಪಿನ ನೀರಂಚಿನಲ್ಲಿ ಬೆಳೆಯುವ ಹಳದಿ ಐರಿಸ್ಸಿಗೆ ‘ಹುಸಿಬಜೆ’ ಎಂಬ ಅರ್ಥದ ಶಾಸ್ತ್ರನಾಮವೇ ನಿಂತುಹೋಗಿದೆ. ಭಾವಪ್ರಕಾಶದಲ್ಲಿ ಪಾರಸೀಕವಚೆ, ಹೈಮವತಿ ಎಂದು ಹೇಳಿರುವ ಬಿಳಿಯ ಬಜೆಯು ಐರಿಸ್ ಜಾತಿಯ ಬೇರೇ ಆಗಿರಬೇಕೆಂದು ಕೆಲವರು ವಿದ್ವಾಂಸರು ಎಣಿಸಿರುವುದೂ ಉಂಟು. ಹೂವನ್ನು ಕಾಣದ ನಾಡಿಗೆ ಅದರ ಬೇರು, ಎಳೆ, ನೆಂಟರು ಮಾತ್ರ ಬಂದು ಸೇರಿದಂತಾಯಿತು.

ಬೇರಿನೊಡನೆ ಬಂದ ಇನ್ನೊಂದು ವಸ್ತುವಿದೆ, ಅದು ಚಿತ್ರ. ಹೂವು ಬಾರದ ಕಡೆಗೂ ಹೂವಿನ ಚಿತ್ರ ಹೋಗಬಲ್ಲದು. ಹಾಗೆ ಹೋದ ಚಿತ್ರವು ಅಲ್ಲಿಯ ಚಿತ್ರಕಾರನ ಕೈಯನ್ನು ತಿದ್ದುವುದೂ ಉಂಟು, ಕಟ್ಟಿಹಾಕುವುದೂ ಉಂಟು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ತರೀಕೆರೆಗೆ ಇಪ್ಪತ್ತೈದು ಮೈಲಿಯ ಆಸುಪಾಸಿನಲ್ಲಿರುವ ಶಿವಮೊಗ್ಗೆಯಲ್ಲಿ ಕುಳಿತು ದಿನಕ್ಕೊಂದು ಗಿಡವನ್ನು ಬರೆದ ಒಬ್ಬ ಚಿತ್ರಕಾರನ ಕೆಲಸವನ್ನು ಯಾವ ಅಳತೆಗೋಲಿನಿಂದ ಅಳೆಯತಕ್ಕದ್ದು ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ, ಆ ಕಾಲದಲ್ಲಿ ಅಳತೆಗೋಲಾಗಿ ನಿಂತಿದ್ದ ಯೂರೋಪಿನ ಪುಷ್ಪಚಿತ್ರಗಳನ್ನು ಮೊದಲು ನೋಡಬೇಕು. ಆ ಚಿತ್ರಗಳ ಪೈಕಿ ಐರಿಸ್ಸಿಗೆ ಅಗ್ರಸ್ಥಾನ.

ಐರಿಸ್ ಚಿತ್ರಕಾರರಿಗೆ ಏಕೆ ಅಷ್ಟು ಪ್ರಿಯವಾಯಿತೆಂಬುದು ಅದರ ರಚನೆಯನ್ನು ಬಲ್ಲವರಿಗೆ ತಾನಾಗಿ ತಿಳಿಯುವುದು. ಹೂವಿನ ಮೂರು ಎಸಳುಗಳು ಹೊರಕ್ಕೆ ಬಾಗಿ ಇಳಿಬಿದ್ದಿರುವುವು; ಮೂರು ಎಸಳುಗಳು ಗೋಪುರದಂತೆ ಮೇಲಕ್ಕೆ ನಿಂತಿರುವುವು. ಇವೆರಡರ ನಡುವೆ ಶಲಾಕೆಯೇ ಮೂರು ಕವಲಾಗಿ, ಎಸಳಿನಂತೆ ಅಗಲವಾಗಿ ಹರಡಿ, ಒಂದೊಂದು ಕವಲಿನ ಅಡಿಯಲ್ಲಿಯೂ ಒಂದೊಂದು ಕೇಸರವನ್ನು ಮರೆಮಾಡಿಕೊಂಡಿರುವುದು. ಹೂವಿನ ಮುಖ್ಯಾಂಗವೇ ಕಣ್ಣಿಗೆ ಕಾಣದು. ಕಂಡದ್ದು ಎಸಳೋ ಶಲಾಕೆಯೋ ಎಂಬುದು ಮುಟ್ಟಿ ನೋಡದೆ ತಿಳಿಯದು. ಮೇಲೆ ಅದರ ಬಣ್ಣವು ನೇರಳೆಯಿಂದ ನೀಲಿಗೆ, ನೀಲಿಯಿಂದ ಬೂದಿಗೆ ಜಾರುತ್ತಿರುವಂತಹದು. ಎಸಳು ಬೆಳಕನ್ನು ಒಳಗೆ ಬಿಟ್ಟುಕೊಳ್ಳುವಷ್ಟು ತೆಳುವಾದದ್ದು. ಇಂತಹ ಹೂವನ್ನು ಬರೆಯುವವನು ಒಂದೇ ಹಾಳೆಯಲ್ಲಿ ಅಂಗರಚನೆಯನ್ನೂ ಕಾಂತಿಯನ್ನೂ ಸಾಧಿಸಬೇಕು. ಒಂದನ್ನು ಹಿಡಿದರೆ ಇನ್ನೊಂದು ಕೈಬಿಡುವುದು ಸಾಮಾನ್ಯ.

ಜರ್ಮನಿಯ ಡ್ಯೂರರನ ಹೆಸರಿನಲ್ಲಿ ಬ್ರೆಮೆನ್ ನಗರದ ಕಲಾಶಾಲೆಯಲ್ಲಿರುವ ಐರಿಸ್ಸು, ಹದಿನಾರನೆಯ ಶತಮಾನದ ಆರಂಭದ್ದು, ಕಾಂತಿಯ ಕಡೆಗೆ ಒಲಿದ ಚಿತ್ರ. ಗಿಡದ ಎತ್ತರಕ್ಕೆ ಕಾಗದ ಸಾಲದೆ ಎರಡು ಹಾಳೆಗಳನ್ನು ಜೋಡಿಸಿ ಅದನ್ನು ಬರೆಯಲಾಗಿದೆ. ಅದರಲ್ಲಿ ಶಾಸ್ತ್ರವಿಲ್ಲ, ಗಿಡವಿದೆ. ನೂರು ವರ್ಷಗಳ ತರುವಾಯ, ೧೬೧೩ರಲ್ಲಿ, ಬೆಸ್ಲರನು ಐಖ್‌ಷ್ಟೆಟ್ಟಿನ ಬಿಷಪ್ಪನ ತೋಟದ ಹೂಗಳನ್ನೆಲ್ಲ ದೊಡ್ಡ ತಾಮ್ರದಚ್ಚುಗಳಲ್ಲಿ ಪ್ರಕಟಿಸಿದಾಗ ಐರಿಸ್ಸುಗಳಿಗೆ ಹಲವು ಪುಟಗಳು ದೊರೆತವು. ಆ ಪುಟಗಳ ಗಾಂಭೀರ್ಯವನ್ನು ಒಪ್ಪದವರಿಲ್ಲ. ಆದರೆ ಅಲ್ಲಿ ಹೂವು ಲೋಹದ ಹೂವಾಗಿದೆ. ಕೆತ್ತನೆಯ ಉಳಿಯು ಎಳೆದ ಸಮಾನಾಂತರ ಗೀರುಗಳು ಎಸಳನ್ನು ತಗಡಿನಂತೆ ಬಿಗಿಗೊಳಿಸಿವೆ. ಬೇರಿನಿಂದ ಮೊಗ್ಗಿನವರೆಗೆ ಎಲ್ಲವೂ ಪುಟದ ಅಂದಕ್ಕಾಗಿ ಸಮತೂಕದಲ್ಲಿ ನಿಂತಿದೆ, ದೇವಾಲಯದ ದ್ವಾರಪಾಲಕರಂತೆ.

ಲಿನೇಯಸ್ಸನು ಕೇಸರಗಳ ಎಣಿಕೆಯ ಮೇಲೆ ಸಸ್ಯಗಳನ್ನು ವಿಂಗಡಿಸಿದ ಮೇಲೆ ಐರಿಸ್, ಕೇಸರಿ, ಇಕ್ಸಿಯಾಗಳು ಮೂರು ಕೇಸರಗಳ ವರ್ಗದಲ್ಲಿ ಒಟ್ಟಿಗೆ ಬಂದವು. ಆಗಿನಿಂದ ಚಿತ್ರದ ಮೂಲೆಯಲ್ಲಿ ಹೂವನ್ನು ಬಿಡಿಸಿ ತೋರಿಸುವ ಸಣ್ಣ ಚಿತ್ರಗಳ ಅಗತ್ಯ ಹೆಚ್ಚಿತು. ೧೭೮೭ರಲ್ಲಿ ವಿಲಿಯಂ ಕರ್ಟಿಸನು ಲಂಡನ್ನಿನಲ್ಲಿ ಆರಂಭಿಸಿದ, ಇಂದಿಗೂ ನಡೆಯುತ್ತಿರುವ ಸಸ್ಯಪತ್ರಿಕೆಯ ಮೊಟ್ಟಮೊದಲನೆಯ ಚಿತ್ರವೇ ಪಾರಸೀಕ ಐರಿಸ್ಸಿನದು. ಪುಟ್ಟ ಪುಟ, ಕೈಯಿಂದ ಹಚ್ಚಿದ ಬಣ್ಣ, ಮನೆಯ ಮೇಜಿನ ಮೇಲಿಟ್ಟುಕೊಂಡು ತೋಟದ ಗಿಡದೊಡನೆ ಹೋಲಿಸಿ ನೋಡುವಂತಹದು. ಬೆಸ್ಲರನ ಹೊತ್ತಿಗೆ ಸಿರಿವಂತನ ವೈಭವವಾಗಿದ್ದ ಸಸ್ಯಚಿತ್ರವು ಇಲ್ಲಿ ಗೃಹಸ್ಥನ ಕೈಪಿಡಿಯಾಯಿತು. ಈ ಬದಲಾವಣೆಯು ಚಿಕ್ಕದಲ್ಲ.

ಪಿಯೇರ್ ಜೋಸೆಫ್ ರದೂತೆಯ ವಿಷಯವನ್ನು ಬೇರೆಯಾಗಿ ಹೇಳಬೇಕು. ೧೮೦೨ರಿಂದ ೧೮೧೬ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ಆತನ ‘ಲೇ ಲಿಲಿಯಾಸೇ’ ಎಂಬ ಗ್ರಂಥದ ೪೮೬ ಚಿತ್ರಗಳಲ್ಲಿ ಐರಿಸ್ಸುಗಳ ಸಾಲೇ ಸಾಲು ಇದೆ. ಗೀರುಗಳಿಗೆ ಬದಲು ಸೂಕ್ಷ್ಮ ಚುಕ್ಕೆಗಳಿಂದ ತಾಮ್ರವನ್ನು ಕೊರೆದು, ತಗಡಿಗೇ ಬಣ್ಣ ಹಚ್ಚಿ ಅಚ್ಚೊತ್ತಿ, ಕೊನೆಗೆ ಕೈಯಿಂದ ತಿದ್ದುವ ಕ್ರಮವನ್ನು ಆತನು ಬಳಸಿದನು. ಆದುದರಿಂದ ಐರಿಸ್ಸಿನ ಎಸಳು ಮೊದಲ ಬಾರಿಗೆ ಅಚ್ಚಿನಲ್ಲಿಯೂ ತೆಳುವಾಗಿ ಕಂಡಿತು. ಒಬ್ಬ ಚಿತ್ರಕಾರನಿಗೆ ಅರಮನೆಯ ಆಶ್ರಯ, ಮಾಲ್ಮೆಜೋನ್ ಮುಂತಾದ ತೋಟಗಳ ಅತ್ಯುತ್ತಮ ಗಿಡ, ನುರಿತ ಕೆತ್ತನೆಗಾರರ ಪರಿವಾರ, ಬೇಕಾದಷ್ಟು ವ್ಯವಧಾನ ಇವೆಲ್ಲವೂ ಒದಗಿದರೆ ಏನಾಗಬಹುದೆಂಬುದಕ್ಕೆ ಅದು ನಿದರ್ಶನ. ದೋಷವೂ ಅಲ್ಲಿಯೇ ಇದೆ. ರದೂತೆಯ ಐರಿಸ್ಸಿಗೆ ಹುಳು ಹತ್ತಿಲ್ಲ, ಬಿಸಿಲು ಬಡಿದಿಲ್ಲ, ತುದಿ ಒಣಗಿಲ್ಲ. ಅದು ಅಂದಿನ ಬೆಳಗಿನ ಹೂವಲ್ಲ. ಎಲ್ಲ ಬೆಳಗುಗಳ ಹೂವು. ಶಾಸ್ತ್ರಕ್ಕೆ ಅದೇ ಬೇಕೆಂದು ವಾದಿಸುವವರಿದ್ದಾರೆ, ಅವರ ವಾದದಲ್ಲಿ ಹುರುಳೂ ಇದೆ. ಆದರೆ ಅದೊಂದೇ ಮಾದರಿಯೆಂದು ಭಾವಿಸಿ ಉಳಿದುದನ್ನೆಲ್ಲ ಅದಕ್ಕೆ ಹೋಲಿಸಿ ಕೊರತೆ ಹೇಳುವುದು ವಿಮರ್ಶೆಯಾಗಲಾರದು.

ಕನ್ನಡನಾಡಿನೊಳಕ್ಕೆ ಐರಿಸ್ಸು ಚಿತ್ರವಾಗಿ ಬಂದದ್ದು ಈ ಪುಸ್ತಕಗಳಿಗಿಂತ ಮೊದಲೇ, ಬೇರೊಂದು ದಾರಿಯಿಂದ. ಪಾರಸೀಕರು ‘ಸೌಸನ್’ ಎಂದು ಕರೆದ ಈ ಹೂವು ಮೊಗಲರ ಚಿತ್ರಪುಟಗಳ ಅಂಚಿನಲ್ಲಿ, ಕಟ್ಟಡಗಳ ಗೋಡೆಗಳಲ್ಲಿ ಮೆರೆದು, ದಕ್ಷಿಣಕ್ಕೂ ಇಳಿಯಿತು. ಹದಿನೇಳನೆಯ ಶತಮಾನದ ಕೊನೆಯ ಭಾಗದ ಬೀದರಿನ ಒಂದು ಹುಕ್ಕದ ಬುರುಡೆಯು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಅದರ ಕಪ್ಪು ಲೋಹದ ಮೈಮೇಲೆ ಐರಿಸ್ಸಿನ ಗಿಡಗಳು ಹೊಳೆಯುವ ಲೋಹದಲ್ಲಿ ಕೂಡಿಸಲ್ಪಟ್ಟಿವೆ. ಬೀದರಿನ ಕೆಂಪು ಕಲ್ಲುನೆಲದಲ್ಲಿ ತಾನಾಗಿ ಬೆಳೆಯದ ಹೂವನ್ನು ಬೀದರಿನ ಕುಶಲಕರ್ಮಿಯು ಎರಕ ಹೊಯ್ದ ಸತುವಿನಲ್ಲಿ ಅರಳಿಸಿದನು. ಹೂವಿನ ಅಂಗಗಳನ್ನು ಎಣಿಸಹೋದರೆ ಲೆಕ್ಕ ತಪ್ಪುವುದು. ಅಲಂಕಾರವಾಗಿ ನೋಡಿದರೆ ಒಂದು ಗೆರೆಯೂ ಹೆಚ್ಚಿಲ್ಲ. ಬಾಗಿದ ಎಸಳಿನ ವಯ್ಯಾರವನ್ನು ಬೆಸ್ಲರನ ಕೆತ್ತನೆಗಾರರಿಗಿಂತ ಆತನೇ ಚೆನ್ನಾಗಿ ಹಿಡಿದನೆಂದರೆ ಅತ್ಯುಕ್ತಿಯಾಗದು. ಆದರೆ ಅದು ಸಸ್ಯಚಿತ್ರವಲ್ಲ. ಅಲಂಕಾರಕ್ಕೂ ಸಸ್ಯಚಿತ್ರಕ್ಕೂ ಇರುವ ಭೇದವು ಸೌಂದರ್ಯದ ಹೆಚ್ಚುಕಡಮೆಯದಲ್ಲ. ಗಿಡವನ್ನು ಎದುರಿಗಿಟ್ಟುಕೊಂಡು, ‘ಇದು ಇದೇ’ ಎಂದು ಸಾಕ್ಷಿ ನುಡಿಯುವುದು ಸಸ್ಯಚಿತ್ರದ ಕೆಲಸ. ಅಲಂಕಾರಕ್ಕೆ ಸಾಕ್ಷ್ಯದ ಹೊಣೆಯಿಲ್ಲ.

ಸಾಕ್ಷ್ಯದ ಈ ಮಾತಿಗೆ ಪಶ್ಚಿಮ ಕರಾವಳಿಯಲ್ಲಿಯೇ ಒಂದು ಸೊಗಸಾದ ಉದಾಹರಣೆಯಿದೆ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡನು ಮಾಡಿಸಿದ ‘ಹೊರ್ತುಸ್ ಮಲಬಾರಿಕುಸ್’ ಎಂಬ ಮಹಾಗ್ರಂಥವು ೧೬೭೮ರಿಂದ ೧೬೯೩ರವರೆಗೆ ಹನ್ನೆರಡು ಸಂಪುಟಗಳಲ್ಲಿ ಆಮ್‌ಸ್ಟರ್ಡಾಮಿನಲ್ಲಿ ಅಚ್ಚಾಯಿತು. ಅದರ ಹನ್ನೊಂದನೆಯ ಸಂಪುಟದಲ್ಲಿ ‘ಬೆಲಂಕಂದ ಶುಲರ್ಮಣಿ’ ಎಂಬ ಹೆಸರಿನ ಕೆಳಗೆ ಒಂದು ಗಿಡದ ಚಿತ್ರವಿದೆ. ಬೀಸಣಿಗೆಯಂತೆ ಒಂದರೊಳಗೊಂದು ಸೇರಿದ ಎಲೆಗಳು, ಆರು ಸಮನಾದ ಎಸಳುಗಳು. ನಿಜವಾದ ಹೂವಿನ ಬಣ್ಣ ಕಿತ್ತಿಳೆ, ಮೇಲೆ ಕೆಂಪು ಚುಕ್ಕೆ. ಒಂದೇ ದಿನ ಬಾಳಿ, ಸಂಜೆಗೆ ಬಟ್ಟೆ ಹಿಂಡಿದಂತೆ ಸುತ್ತಿಕೊಳ್ಳುವುದು. ಮೂಲತಃ ಚೀಣ, ಹಿಮಾಲಯಗಳ ಕಡೆಯ ಈ ಗಿಡವು ತೋಟದ ಗಿಡವಾಗಿ ದಕ್ಷಿಣಕ್ಕೆ ಬಂದದ್ದು. ಆಮೇಲೆ ಇದರ ನಾಮಕರಣದ ಕತೆ ಕೇಳತಕ್ಕದ್ದು. ೧೭೫೩ರಲ್ಲಿ ಲಿನೇಯಸ್ಸನು ಒಂದೇ ಗಿಡವನ್ನು ಒಂದೇ ಗ್ರಂಥದಲ್ಲಿ ಎರಡು ಕಡೆ ಸೇರಿಸಿದನು: ಒಂದು ಕಡೆ ಇಕ್ಸಿಯಾ, ಇನ್ನೊಂದು ಕಡೆ ಸೀತಾಳೆಹೂವಿನ ಬಳಗದ ಎಪಿಡೆಂಡ್ರಂ. ಕರ್ಟಿಸನ ಪತ್ರಿಕೆಯಲ್ಲಿ ಅದು ಇಕ್ಸಿಯಾ ಎಂದೇ ಚಿತ್ರಿತವಾಯಿತು. ರದೂತೆಯ ಗ್ರಂಥದಲ್ಲಿ ಮಲಬಾರಿನ ಹೆಸರೇ ಗೆದ್ದು ಬೆಲಂಕಂದವಾಯಿತು. ಮಧ್ಯದಲ್ಲಿ ಒಬ್ಬರು ಚಿರತೆಹೂವೆಂಬ ಅರ್ಥದ ಪಾರ್ಡಾಂಥಸ್ ಎಂದೂ ಕರೆದರು. ಕಡೆಗೆ ಸಸ್ಯಗಳ ಅನುವಂಶೀಯ ಧಾತುಗಳ ಪರೀಕ್ಷೆಯಿಂದ ಇದು ಐರಿಸ್ಸೇ ಎಂದು ತಿಳಿದು, ೨೦೦೫ರಲ್ಲಿ ಗೋಲ್ಡ್‌ಬ್ಲಾಟ್, ಮ್ಯಾಬರ್ಲಿ ಎಂಬ ಇಬ್ಬರು ವಿದ್ವಾಂಸರು ‘ಐರಿಸ್ ಡೊಮೆಸ್ಟಿಕಾ’ ಎಂಬ ಹೆಸರನ್ನಿಟ್ಟರು. ಹೆಸರುಗಳು ಇಷ್ಟು ಉರುಳಿದರೂ ರೀಡನ ಹಾಳೆಯ ಗಿಡವು ತಾನಿದ್ದ ಹಾಗೆಯೇ ಇದೆ. ಪಂಡಿತರು ಜಗಳವಾಡಿದಾಗಲೆಲ್ಲ ಹಿಂದಿರುಗಿ ನೋಡಲು ಅದಿತ್ತು. ಒಂದು ಚಿತ್ರದಿಂದ ಇದಕ್ಕಿಂತ ಹೆಚ್ಚಿನದನ್ನು ಕೇಳುವುದು ಯುಕ್ತವಲ್ಲ.

ಆ ಗ್ರಂಥದಲ್ಲಿ ಗಮನಿಸಬೇಕಾದ ಮತ್ತೊಂದು ಅಂಶವಿದೆ. ಗಿಡಗಳನ್ನು ಹೇಳಿಕೊಟ್ಟ ಇಟ್ಟಿ ಅಚ್ಯುತನ್ ವೈದ್ಯನ ಹೆಸರೂ, ಸಾಕ್ಷ್ಯಪತ್ರವನ್ನು ಬರೆದುಕೊಟ್ಟ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರ ಹೆಸರೂ, ಚಿತ್ರ ಬರೆದ ಗೋಟ್‌ಕಿಂಟ್, ಸ್ಪ್ಲಿಂಟರ್ ಎಂಬವರ ಹೆಸರೂ ಉಳಿದುಬಂದಿವೆ. ಹದಿನೇಳನೆಯ ಶತಮಾನದ ವರ್ತಕರ ಕಂಪೆನಿಯೊಂದರ ಅಧಿಕಾರಿಯು ಇಷ್ಟನ್ನು ಮಾಡಿದನೆಂಬುದನ್ನು ನೆನಪಿನಲ್ಲಿಟ್ಟುಕೊಂಡು ಶಿವಮೊಗ್ಗೆಯ ಪ್ರಸಂಗಕ್ಕೆ ಬರಬೇಕು.

ಹ್ಯೂ ಕ್ಲೆಗ್‌ಹಾರ್ನ್ ಎಂಬವನು ೧೮೨೦ರಲ್ಲಿ ಮದರಾಸಿನಲ್ಲಿ ಹುಟ್ಟಿ, ಎಡಿನ್‌ಬರೋದಲ್ಲಿ ವೈದ್ಯವನ್ನು ಓದಿ, ೧೮೪೨ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯನಾಗಿ ಹಿಂದಿರುಗಿದವನು. ಮುಂದೆ ಮದರಾಸು ಪ್ರಾಂತದ ಅರಣ್ಯಾಧಿಕಾರಿಯಾಗಿ, ೧೮೬೧ರಲ್ಲಿ ‘ದಕ್ಷಿಣ ಹಿಂದೂಸ್ಥಾನದ ಕಾಡುಗಳೂ ತೋಟಗಳೂ’ ಎಂಬ ಅರ್ಥದ ಗ್ರಂಥವನ್ನು ಬರೆದು ಪ್ರಸಿದ್ಧನಾದನು. ಆದರೆ ಅದಕ್ಕೆ ಮೊದಲು, ೧೮೪೬ರ ಸುಮಾರಿಗೆ, ಮೈಸೂರು ಕಮಿಷನ್ನಿನ ಸೇವೆಯಲ್ಲಿ ಶಿವಮೊಗ್ಗೆಯಲ್ಲಿದ್ದನು. ದಿನಕ್ಕೆ ಕಾಲು ಗಂಟೆಯಾದರೂ ಒಂದು ಗಿಡವನ್ನು ಅಭ್ಯಾಸಮಾಡಬೇಕೆಂದು ಕ್ಯೂ ಉದ್ಯಾನದ ಸರ್ ವಿಲಿಯಂ ಹೂಕರನು ಕೊಟ್ಟ ಸಲಹೆಯಂತೆ, ಒಬ್ಬ ಮರಾಠಿ ಚಿತ್ರಕಾರನನ್ನು ನೇಮಿಸಿಕೊಂಡು, ಸುತ್ತಮುತ್ತಣ ಗಿಡಗಳನ್ನು ದಿನಕ್ಕೊಂದರಂತೆ ಬರೆಯಿಸುತ್ತ ಬಂದನು. ಆ ಚಿತ್ರಗಳೂ ಮುಂದೆ ಮದರಾಸಿನಲ್ಲಿ ಸೇರಿದವುಗಳೂ ಈಗ ಎಡಿನ್‌ಬರೋದ ರಾಜೋದ್ಯಾನದಲ್ಲಿವೆ. ಅವುಗಳನ್ನು ಹೊರಗೆಡಹಿ, ೨೦೧೬ರಲ್ಲಿ ಸಚಿತ್ರವಾಗಿ ಪ್ರಕಟಿಸಿ, ಕ್ಲೆಗ್‌ಹಾರ್ನನ ಚರಿತ್ರೆಯನ್ನೂ ಅದೇ ವರ್ಷ ಬರೆದು ಉಪಕಾರ ಮಾಡಿದವರು ಹೆನ್ರಿ ನೋಲ್ಟಿಯವರು.

ಕಾಲು ಗಂಟೆಯ ಅಭ್ಯಾಸ, ದಿನಕ್ಕೊಂದು ಚಿತ್ರ: ಈ ಎರಡು ಮಾತುಗಳೇ ರದೂತೆಯ ಐರಿಸ್ಸಿಗೂ ಶಿವಮೊಗ್ಗೆಯ ಚಿತ್ರಕ್ಕೂ ನಡುವಣ ಅಂತರವನ್ನು ಹೇಳುವುವು. ಕಾಡಿನಿಂದಲೋ ಗದ್ದೆಯ ಬದುವಿನಿಂದಲೋ ತಂದ ಗಿಡ ಮಲೆನಾಡಿನಂಚಿನ ಸೆಕೆಯಲ್ಲಿ ಮಧ್ಯಾಹ್ನದೊಳಗೆ ಬಾಡುವುದು. ಮೇಜಿನ ಮೇಲೆ ನಾಳೆಗೆ ಇನ್ನೊಂದು ಕಾದಿರುವುದು. ಕಡೂರು, ತರೀಕೆರೆಗಳ ಬೇಲಿಗಳ ಮೇಲೆ ಹಬ್ಬುವ ಕೋಳಿಕುಟುಮವನ್ನೇ, ಎಂದರೆ ಮಲೆನಾಡಿನ ಗೌರಿಹೂವನ್ನೇ, ಉದಾಹರಣೆಗೆ ತೆಗೆದುಕೊಳ್ಳಬಹುದು. ಐರಿಸ್ಸಿನಂತೆಯೇ ಇದೂ ಚಿತ್ರಕಾರನನ್ನು ಪರೀಕ್ಷಿಸುವ ಹೂವು. ಮೊದಲ ದಿನ ಎಸಳು ಹಸಿರು ಕೂಡಿದ ಹಳದಿ, ದಿನ ಕಳೆದಂತೆ ಕಿತ್ತಿಳೆ, ಕಡೆಗೆ ರಕ್ತಗೆಂಪು. ಆರು ಎಸಳುಗಳೂ ಹಿಂದಕ್ಕೆ ಮಡಿಸಿ ಮೇಲಕ್ಕೆ ಉರಿಯಂತೆ ಏಳುವುವು, ಕೇಸರಗಳು ಅಡ್ಡಕ್ಕೆ ಹರಡುವುವು, ಶಲಾಕೆಯು ಬುಡದಲ್ಲಿಯೇ ಮುರಿದಂತೆ ಪಕ್ಕಕ್ಕೆ ತಿರುಗುವುದು, ಎಲೆಯ ತುದಿಯೇ ಬಳ್ಳಿಯ ಕೈಯಾಗಿ ಬೇಲಿಯನ್ನು ಹಿಡಿಯುವುದು. ರೀಡನ ಗ್ರಂಥದಲ್ಲಿಯೂ ‘ಮೆಂದೋನಿ’ ಎಂಬ ಹೆಸರಿನಲ್ಲಿ ಇದರ ಚಿತ್ರವಿದೆ, ರದೂತೆಯ ಗ್ರಂಥದಲ್ಲಿಯೂ ಇದೆ. ಒಂದೇ ದಿನದಲ್ಲಿ ಇದನ್ನು ಬರೆದು ಮುಗಿಸಬೇಕಾದವನು ಮೂರು ದಿನದ ಬಣ್ಣಗಳಲ್ಲಿ ಯಾವುದನ್ನು ಆರಿಸಬೇಕು? ಬೇಲಿಯಿಲ್ಲದ ಬಿಳಿಯ ಕಾಗದದ ಮೇಲೆ ಬೇಲಿ ಹಿಡಿಯುವ ಎಲೆಯನ್ನು ಎಲ್ಲಿ ನಿಲ್ಲಿಸಬೇಕು? ಪ್ಯಾರಿಸ್ಸಿನ ಗಾಜಿನ ಮನೆಯಲ್ಲಿ ಈ ಪ್ರಶ್ನೆಗಳಿಗೆ ತೋಟಗಾರನು ಉತ್ತರ ಕೊಡುತ್ತಿದ್ದನು; ಶಿವಮೊಗ್ಗೆಯಲ್ಲಿ ಚಿತ್ರಕಾರನೇ ಕೊಡಬೇಕಾಗಿತ್ತು.

ಕಂಪೆನಿಯ ಅಧಿಕಾರಿಗಳು ಹಿಂದೂಸ್ಥಾನದ ಚಿತ್ರಕಾರರಿಂದ ಬರೆಯಿಸಿದ ಸಸ್ಯಚಿತ್ರಗಳಿಗೆಲ್ಲ ಒಂದು ಸಾಮಾನ್ಯ ಲಕ್ಷಣವಿದೆ. ನೆಲವಿಲ್ಲ, ನೆರಳಿಲ್ಲ, ಆಕಾಶವಿಲ್ಲ. ಗಿಡವನ್ನು ಕಾಗದದ ಮೇಲೆ ಚಾಚಿ ಮಲಗಿಸಿದಂತೆ ಇರುವುದು. ಎಲೆಯ ಮೇಲ್ಮೈ, ಅಡಿಮೈ ಎರಡೂ ಕಾಣುವ ಹಾಗೆ ಒಂದೆರಡು ಎಲೆಗಳನ್ನು ತಿರುಗಿಸಿ ತೋರಿಸಿರುವುದು. ಇದನ್ನು ಕಂಡು, ಇವರಿಗೆ ಆಳದ ಭ್ರಮೆಯನ್ನು ಕೊಡಲು ಬರುವುದಿಲ್ಲ, ಇವು ರದೂತೆಯ ಚಿತ್ರಗಳ ಒಣ ನೆರಳುಗಳು ಎಂದು ಹೇಳುವುದು ಹಳೆಯ ಅಭ್ಯಾಸ. ಆಕ್ಷೇಪವು ನಿರಾಧಾರವಲ್ಲ: ಕೆಲವು ಹಾಳೆಗಳಲ್ಲಿ ಎಲೆಗಳು ಲೆಕ್ಕದ ಪುಸ್ತಕದ ಅಂಕಗಳಂತೆ ಒಂದೇ ಅಚ್ಚಿನಲ್ಲಿ ಬೀಳುವುವು, ದಪ್ಪ ಹಸಿರು ಬಣ್ಣವು ಎಲೆಯ ನರಗಳನ್ನು ನುಂಗುವುದು, ದಿನದ ಕೆಲಸವನ್ನು ದಿನದಲ್ಲಿ ಮುಗಿಸುವ ಕೈಯ ಆತುರವೂ ಕಾಣುವುದು. ಇದನ್ನು ಮುಚ್ಚಿಡುವುದರಿಂದ ಆ ಚಿತ್ರಕಾರರಿಗೆ ಯಾವ ಗೌರವವೂ ಸಲ್ಲದು. ಆದರೆ ಆಳದ ಭ್ರಮೆಯು ಈ ಕೆಲಸದ ಗುರಿಯೇ ಆಗಿರಲಿಲ್ಲ. ಗಿಡವನ್ನು ಒತ್ತಿ ಒಣಗಿಸಿ ಕಾಗದಕ್ಕೆ ಅಂಟಿಸಿದರೆ ಬಣ್ಣ ಹೋಗುವುದು, ಹೂವಿನ ಆಕಾರ ಕೆಡುವುದು. ಒಣಗಿದ ಐರಿಸ್ಸಿನಲ್ಲಿ ಎಸಳಾವುದು ಶಲಾಕೆಯಾವುದು ಎಂಬುದನ್ನು ಬಿಡಿಸುವುದು ಪಂಡಿತರಿಗೂ ಕಷ್ಟ. ಒಣಗಿಸಿದ ಗಿಡದಲ್ಲಿ ನಷ್ಟವಾಗುವುದನ್ನೇ ಆಯ್ದು ಉಳಿಸುವುದು ಚಿತ್ರದ ಹೊಣೆಯಾಗಿತ್ತು. ಆ ಹೊಣೆಯ ದೃಷ್ಟಿಯಿಂದ ಮಲಗಿಸಿದಂತಿರುವ ಗಿಡವು ದೋಷವಲ್ಲ, ವಿಧಾನ. ಇಡೀ ನಾಡಿನ ಗಿಡಗಳನ್ನು ಒಂದೇ ಕ್ರಮದಲ್ಲಿ ಬರೆದಾಗ ಒಂದರ ಪಕ್ಕಕ್ಕೊಂದನ್ನಿಟ್ಟು ಹೋಲಿಸಬಹುದು. ರದೂತೆಯ ಐರಿಸ್ಸನ್ನು ಇನ್ನಾವುದರೊಡನೆ ಹೋಲಿಸಲೂ ಮನಸ್ಸು ಬಾರದು, ಅದು ನೋಡುವವನನ್ನು ತನ್ನ ಮುಂದೆಯೇ ನಿಲ್ಲಿಸಿಕೊಳ್ಳುವುದು.

ಕ್ಲೆಗ್‌ಹಾರ್ನನ ಸಂಗ್ರಹದಲ್ಲಿ ಇನ್ನೊಂದು ಬಗೆಯ ಹಾಳೆಗಳೂ ಇವೆ: ಯೂರೋಪಿನ ಅಚ್ಚಿನ ಚಿತ್ರಗಳನ್ನು ನೋಡಿ ತೆಗೆದ ಪ್ರತಿಗಳು. ಮದರಾಸಿನಲ್ಲಿ ಡಾಕ್ಟರ್ ಹಂಟರನ ಕಲಾಶಾಲೆಯ ವಿದ್ಯಾರ್ಥಿಗಳಿಗೆ ಇದು ಅಭ್ಯಾಸವಾಗಿತ್ತು. ಕಾಣದ ಗಿಡವನ್ನು ಕಂಡ ಚಿತ್ರದಿಂದ ಬರೆಯುವ ಈ ಪ್ರತಿಗಳು ಎಷ್ಟೇ ನಯವಾಗಿದ್ದರೂ ಬೀದರಿನ ಹುಕ್ಕದ ಜಾತಿಗೇ ಸೇರಿದವು. ಅದಕ್ಕಿದ್ದ ಸ್ವಾತಂತ್ರ್ಯ ಮಾತ್ರ ಇವುಗಳಿಗಿಲ್ಲ. ಗಿಡವನ್ನು ಎದುರಿಗಿಟ್ಟು ಬರೆದ ಶಿವಮೊಗ್ಗೆಯ ಹಾಳೆ ಒರಟಾಗಿದ್ದರೂ ಅದಕ್ಕಿಂತ ಮೇಲು.

ಇಷ್ಟಾದರೂ ಆ ಮರಾಠಿ ಚಿತ್ರಕಾರನ ಹೆಸರು ಎಲ್ಲಿಯೂ ದಾಖಲಾಗಿಲ್ಲ. ಕ್ಲೆಗ್‌ಹಾರ್ನನ ಹೆಸರು ಗ್ರಂಥದ ಮೇಲಿದೆ. ಹೂಕರನ ಸಲಹೆ ಉಳಿದಿದೆ. ಗಿಡಗಳಿಗೆ ಲ್ಯಾಟಿನ್ ಹೆಸರುಗಳಿವೆ. ಕಣ್ಣಿಟ್ಟು ಕೈಯಾಡಿಸಿದವನಿಗೆ ಉಳಿದುದು ‘ಮರಾಠಿ’ ಎಂಬ ಒಂದು ವಿಶೇಷಣ ಮಾತ್ರ. ಇದು ಆ ಕಾಲದ ಅನಿವಾರ್ಯವೆಂದು ಸಮಾಧಾನ ಹೇಳುವವರಿಗೆ ಅದೇ ಕಾಲದ ಎರಡು ನಿದರ್ಶನಗಳನ್ನು ತೋರಿಸಬಹುದು. ರಾಬರ್ಟ್ ವೈಟನು ಮದರಾಸಿನಲ್ಲಿ ೧೮೩೮ರಿಂದ ೧೮೫೩ರವರೆಗೆ ೨೧೦೧ ಕಲ್ಲಚ್ಚಿನ ಚಿತ್ರಗಳ ಮಹಾಗ್ರಂಥವನ್ನು ಹೊರಡಿಸಿದನು. ಅದಕ್ಕೆ ಮುಖ್ಯವಾಗಿ ಚಿತ್ರ ಬರೆದವರು ರಂಗಯ್ಯ, ಗೋವಿಂದು ಎಂಬಿಬ್ಬರು. ಅವರ ಹೆಸರುಗಳು ಚಿತ್ರಗಳ ಅಡಿಯಲ್ಲಿವೆ. ಸಾಲದುದಕ್ಕೆ ೧೮೫೩ರಲ್ಲಿ ವೈಟನು ಒಂದು ಸೀತಾಳೆಹೂವಿನ ಕುಲಕ್ಕೆ ‘ಗೋವಿಂದೂಯಾ’ ಎಂದೇ ಹೆಸರಿಟ್ಟನು. ಆ ಕುಲವು ಮುಂದೆ ಇನ್ನೊಂದರಲ್ಲಿ ಸೇರಿಹೋಯಿತು, ಆದರೆ ಇಟ್ಟ ಹೆಸರು ಶಾಸ್ತ್ರದ ಕಡತದಲ್ಲಿದೆ. ಇದೇ ಗೋವಿಂದುವು ಮುಂದೆ ಕ್ಲೆಗ್‌ಹಾರ್ನನಿಗೂ ಚಿತ್ರ ಬರೆದವನು. ಮದರಾಸಿನ ಗೋವಿಂದುವಿಗೆ ದೊರೆತದ್ದು ಶಿವಮೊಗ್ಗೆಯವನಿಗೆ ದೊರೆಯಲಿಲ್ಲವೆಂದರೆ ಅದು ಕಾಲದ ಧರ್ಮವಲ್ಲ. ಬರೆದುಕೊಳ್ಳಲು ಬೇಕಾಗಿದ್ದ ಒಂದು ಸಾಲಿನ ಅಲಕ್ಷ್ಯ. ಮೈಸೂರು ಸಂಸ್ಥಾನದಲ್ಲಿಯೇ ಜಾನ್ ಕ್ಯಾಮರಾನನ ಆಡಳಿತದಲ್ಲಿ ಲಾಲ್‌ಬಾಗಿನ ಹೂಹಣ್ಣುಗಳನ್ನು ಬರೆದ ಚೆಲುವಯ್ಯ ರಾಜುಗಳ ಹೆಸರು ಉಳಿದಿದೆ. ಇಂಗ್ಲೆಂಡಿನಲ್ಲಿ ೧೯೧೩ರಲ್ಲಿ ಡೈಕ್ಸನು ಐರಿಸ್ ಕುಲದ ಮೇಲೆ ಪ್ರಕಟಿಸಿದ ಗ್ರಂಥದ ಮುಖಪತ್ರದಲ್ಲಿಯೇ ೪೭ ವರ್ಣಚಿತ್ರಗಳನ್ನು ಬರೆದ ಎಫ್. ಎಚ್. ರೌಂಡನ ಹೆಸರು ಅಚ್ಚಾಗಿದೆ. ಬೀಜಗಳ ಒಂದೇ ಒಂದು ಚಿತ್ರವನ್ನು ಬರೆದ ಮಹಿಳೆಯ ಹೆಸರನ್ನೂ ಬಿಟ್ಟಿಲ್ಲ.

ಇನ್ನೂ ಹತ್ತಿರದ ಸಾಕ್ಷಿ ಬೇಕಾದವರು ತರೀಕೆರೆಯ ಸಮೀಪದ ಅಮೃತಾಪುರಕ್ಕೆ ಹೋಗಿ ನೋಡಬಹುದು. ೧೧೯೬ರಲ್ಲಿ ವೀರಬಲ್ಲಾಳನ ದಂಡನಾಯಕನು ಕಟ್ಟಿಸಿದ ಅಮೃತೇಶ್ವರ ದೇವಾಲಯದಲ್ಲಿ ಬಳ್ಳಿ, ಹೂ, ಎಲೆಗಳಿಗೆ ಲೆಕ್ಕವಿಲ್ಲ. ಅವು ಯಾವ ಕಾಡಿನ ಬಳ್ಳಿಗಳೆಂದು ಸಸ್ಯಶಾಸ್ತ್ರಜ್ಞನು ಹೇಳಲಾರನು. ಶಿಲ್ಪಿಗೆ ಅದು ಬೇಕಾಗಿಯೂ ಇರಲಿಲ್ಲ. ಕವಿ ಜನ್ನನು ರಚಿಸಿದ ಶಾಸನವೂ ಅಲ್ಲಿದೆ. ಅಲ್ಲಿಯ ಭುವನೇಶ್ವರಿಗಳಲ್ಲಿ ಕೆಲಸ ಮಾಡಿದ ರೂವಾರಿ ಮಲ್ಲಿತಮ್ಮನು, ಆಗಿನ್ನೂ ಹೊಸಬನಾಗಿದ್ದರೂ, ತನ್ನ ಹೆಸರನ್ನು ಕಲ್ಲಿನ ಮೇಲೆ ಕೆತ್ತಿದ್ದಾನೆ. ಅದೇ ಹೆಸರು ಹದಿಮೂರನೆಯ ಶತಮಾನದ ಸೋಮನಾಥಪುರದ ದೇವಾಲಯದಲ್ಲಿಯೂ ಕಾಣುವುದು. ಇದರಿಂದ ಒಬ್ಬ ಕುಶಲನ ಕೈ ಎಲ್ಲಿ ಆರಂಭವಾಯಿತು, ಹೇಗೆ ಬಲಿಯಿತು ಎಂಬುದನ್ನು ಕಲಾಚರಿತ್ರಕಾರರು ಹೆಜ್ಜೆಹೆಜ್ಜೆಯಾಗಿ ಬರೆಯಲು ಸಾಧ್ಯವಾಗಿದೆ. ಹೆಸರಿನ ಪ್ರಯೋಜನವು ಹೆಗ್ಗಳಿಕೆಯದು ಮಾತ್ರವಲ್ಲ. ಹೆಸರಿದ್ದರೆ ಒಂದು ಹಾಳೆಯನ್ನು ಇನ್ನೊಂದು ಹಾಳೆಯೊಡನೆ, ಆರಂಭದ ಎಲೆಯನ್ನು ಬಲಿತ ಎಲೆಯೊಡನೆ ಹೋಲಿಸಿ, ಇದು ಇವನ ದೋಷ, ಇದು ಇವನ ಗೆಲವು ಎಂದು ಹೇಳಬಹುದು. ಹೆಸರಿಲ್ಲದವನ ಕೆಲಸವನ್ನು ಜನ ‘ಶೈಲಿ’ ಎಂದು ಕರೆದು ಸುಮ್ಮನಾಗುವರು.

ಹೋದ ಹೆಸರನ್ನು ಊಹೆಯಿಂದ ತುಂಬುವಂತಿಲ್ಲ; ತುಂಬಲೂ ಬಾರದು. ಆದರೆ ಯೂರೋಪಿನ ಕಲಾಚರಿತ್ರೆಯಲ್ಲಿ ಹೆಸರು ತಿಳಿಯದ ಹಳೆಯ ಚಿತ್ರಕಾರರನ್ನು ಅವರ ಊರಿನಿಂದಲೋ ಮುಖ್ಯ ಕೃತಿಯಿಂದಲೋ ಕರೆಯುವ ರೂಢಿ ಇದೆ, ಅದರಿಂದ ಅವರ ಕೃತಿಗಳನ್ನು ಒಂದು ಕೈಯ ಕೆಲಸವೆಂದು ಬಿಡಿಸಿ ನೋಡುವುದು ಸುಲಭವಾಗಿದೆ. ‘ಒಬ್ಬ ಮರಾಠಿ ಚಿತ್ರಕಾರ’ ಎಂಬುದನ್ನು ಬಿಟ್ಟು ‘ಶಿವಮೊಗ್ಗೆಯ ಚಿತ್ರಕಾರ’ ಎಂದು ಕರೆಯಲಾರಂಭಿಸಿದರೆ ಸಾಕು. ಆ ಹಾಳೆಗಳು ಒಬ್ಬ ಮನುಷ್ಯನ ಹಾಳೆಗಳಾಗುವುವು. ಅವುಗಳನ್ನು ಓದಲು ಬೇಕಾದ ಸಲಕರಣೆಯೂ ಈಗ ಇದೆ. ಯೋಗನರಸಿಂಹನ್, ಸುಬ್ರಹ್ಮಣ್ಯಂ, ರಾಜಿ ಎಂಬ ಮೂವರು ವಿದ್ವಾಂಸರು ಸಿದ್ಧಪಡಿಸಿದ ಚಿಕ್ಕಮಗಳೂರು ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥವು ೧೯೮೨ರಲ್ಲಿ ಹೊರಬಂದಿದೆ. ನೋಲ್ಟಿಯವರ ಪುಸ್ತಕದ ಶಿವಮೊಗ್ಗೆಯ ಚಿತ್ರಗಳನ್ನು ಅದರ ಪಕ್ಕದಲ್ಲಿಟ್ಟು, ಒಂದೊಂದಕ್ಕೂ ಈ ಸೀಮೆಯ ಕನ್ನಡ ಹೆಸರನ್ನೂ ಬೆಳೆಯುವ ಸ್ಥಳವನ್ನೂ ಸೇರಿಸಿದ ಒಂದು ಚಿಕ್ಕ ಪುಸ್ತಕವನ್ನು ಶಿವಮೊಗ್ಗೆಯವರೋ ಚಿಕ್ಕಮಗಳೂರಿನವರೋ ಹೊರಡಿಸುವುದು ಅಸಾಧ್ಯದ ಕೆಲಸವೇನೂ ಅಲ್ಲ.

ಅದುವರೆಗೆ ವಾಚಕರು ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದಿದೆ. ಭಾದ್ರಪದದಲ್ಲಿ ಗೌರಿಹೂ ಅರಳಿದಾಗ ಬೆಳಿಗ್ಗೆ ಒಂದನ್ನು ಕೊಯ್ದು ನೀರಿನಲ್ಲಿಟ್ಟು, ಸೀಸದಕಡ್ಡಿಯನ್ನು ಹಿಡಿದು ಸಂಜೆಯವರೆಗೆ ಬರೆಯಲಿ. ಬೇರು ಗಡ್ಡೆ ಬಲು ವಿಷವಾದ್ದರಿಂದ ಮಕ್ಕಳ ಕೈಗೆ ಸಿಕ್ಕದಂತೆ ನೋಡಿಕೊಳ್ಳಲಿ. ಮಾರನೆಯ ದಿನ ಬೇಲಿಯ ಬಳಿ ಹೋಗಿ ಅದೇ ಬಳ್ಳಿಯ ಇನ್ನೊಂದು ಹೂವಿನೊಡನೆ ಹೋಲಿಸಿದರೆ, ಬಣ್ಣ ಆಗಲೇ ಬದಲಾಗಿರುವುದು.